ಖಾಲಿ ಕಳಿಸಬಾರದ ಡಬ್ಬಿ

ನ್ಯಾಮತಿಯ ನನ್ನ ಬಾಡಿಗೆ ರೂಮಿನ ಗೂಡಿನಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಡಬ್ಬಿ ಇದೆ. ಬಿಸಿನೀರು ತಾಗಿ ಮುಚ್ಚಳದ ಒಂದು ಮೂಲೆ ಸೊಟ್ಟಗಾಗಿದೆ. ಅದು ನನ್ನದಲ್ಲ. ವಾಪಸ್ ಕೊಡಬೇಕು ಎಂದುಕೊಂಡೇ ಐದು ವರ್ಷದಿಂದ ಇಟ್ಟುಕೊಂಡಿದ್ದೇನೆ. ಅದರ ಒಡತಿ ಇರುವುದು ಜರ್ಮನಿಯ ಒಂದು ಸಣ್ಣ ಊರಿನಲ್ಲಿ. ನಾನಿರುವುದು ಇಲ್ಲಿ, ರೈತರು ಚೀಲದಲ್ಲಿ ತರುವ ಮಣ್ಣು ಪರೀಕ್ಷೆ ಮಾಡಿಕೊಂಡು.

ದಾವಣಗೆರೆಯಲ್ಲಿ ಡಿಗ್ರಿ ಓದುವಾಗ ನಮ್ಮ ಕಾಲೇಜಿನಿಂದ ಇಬ್ಬರನ್ನು ನಾಲ್ಕು ವಾರದ ಓದಿಗೆಂದು ಅಲ್ಲಿಗೆ ಕಳಿಸಿದರು. ಅದರಲ್ಲಿ ನಾನೊಬ್ಬಳು. ಜಗಳೂರಿನಲ್ಲಿ ಗಾದಿ ಹೊಲಿಯುವವರ ಮಗಳು ವಿಮಾನ ಹತ್ತುತ್ತಾಳಂತೆ ಎಂದು ಓಣಿಗೆ ಓಣಿಯೇ ನಮ್ಮ ಮನೆಗೆ ಬಂದು ಹೋಯಿತು. ಸೊಕ್ಕೆ ಊರಿನ ಮಾವನ ಹೊಲದ ಶೇಂಗಾ ಹುರಿದು, ಕುಟ್ಟಿ, ಅಮ್ಮ ಒಂದು ಸ್ಟೀಲ್ ಡಬ್ಬಿಯ ತುಂಬ ಚಟ್ನಿಪುಡಿ ಅದುಮಿ ಕೊಟ್ಟಳು. "ಅಲ್ಲೇನು ಸಿಗ್ತೈತೋ ಬಿಡ್ತೈತೋ. ಇದೊಂದಿದ್ರೆ ಹೆಂಗೋ ಬದುಕ್ತೀಯ" ಎಂದಳು.

ಆ ಸ್ಟೀಲ್ ಡಬ್ಬಿ ನಮ್ಮದೋ ಪಕ್ಕದ ಮನೆಯವರದೋ ಯಾರಿಗೂ ಸರಿಯಾಗಿ ಗೊತ್ತಿಲ್ಲ. ರಂಜಾನ್‌ಗೆ ನಮ್ಮ ಸುರ್‌ಕುಂಬ ಪಾಯಸ ತುಂಬಿಕೊಂಡು ಆ ಮನೆಗೆ ಹೋಗುತ್ತಿತ್ತು, ಯುಗಾದಿಗೆ ಅವರ ಹೋಳಿಗೆ ಹೊತ್ತುಕೊಂಡು ಈ ಮನೆಗೆ ಬರುತ್ತಿತ್ತು. ನಡುವೆ ಏನೂ ಇಲ್ಲದ ದಿನ ಒಂದು ಚಮಚ ಸಕ್ಕರೆ. ಅದೂ ಇಲ್ಲದಿದ್ದರೆ ನಾಲ್ಕು ಕಾಳು ಶೇಂಗಾ. ಖಾಲಿ ಡಬ್ಬಿ ಮಾತ್ರ ಯಾರೂ ಕೊಡುತ್ತಿರಲಿಲ್ಲ. ಖಾಲಿ ಕೊಟ್ಟರೆ ಇನ್ನು ನಮ್ಮ ನಿಮ್ಮ ಬಳಕೆ ಸಾಕು ಎಂದಂತೆ. ಇದನ್ನು ನನಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿದ್ದಲ್ಲ, ನೋಡಿ ನೋಡಿ ಬಂದದ್ದು.

ಅಲ್ಲಿ ನನ್ನನ್ನು ಮನೆಯಲ್ಲಿಟ್ಟುಕೊಂಡವರು ಊರೊಳಗಿನ ಬಸ್ಸಿನ ಡ್ರೈವರ್. ಐವತ್ತು ದಾಟಿದ ಎತ್ತರದ ಹೆಂಗಸು. ಗಂಡ ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದರು, ನಾನು ಏಳುವಷ್ಟರಲ್ಲಿ ಹೊರಟಿರುತ್ತಿದ್ದರು. ಹೆಸರು ಹಿಡಿದೇ ಕರಿ ಎಂದು ಆಕೆ ಹೇಳಿದರು. ಅಷ್ಟು ದೊಡ್ಡವರನ್ನು ಹೆಸರು ಹಿಡಿದು ಕರೆಯಲು ನನಗೆ ಬಾಯಿಯೇ ಬರಲಿಲ್ಲ. ಅಪ್ಪನ ಅಕ್ಕನನ್ನು ಕರೆಯುವ ಹಾಗೆ ಅತ್ತೆ ಎಂದೆ. ಅವರು ಎರಡು ಸಲ ಹೇಳಿ ನೋಡಿಕೊಂಡು, ಚೆನ್ನಾಗಿದೆ ಎಂದರು. ಇಬ್ಬರ ಇಂಗ್ಲಿಷೂ ಹರಕು ಮುರುಕಾದ್ದರಿಂದ ನಮಗೆ ಒಳ್ಳೆಯ ಹೊಂದಾಣಿಕೆ.

ಮೊದಲ ದಿನ ಅತ್ತೆ ಆ ನೀಲಿ ಡಬ್ಬಿಯಲ್ಲಿ ನಾಲ್ಕು ತುಂಡು ಬ್ರೆಡ್ಡು, ಚೀಸು, ಒಂದು ಸೇಬು ಇಟ್ಟು ಮಧ್ಯಾಹ್ನಕ್ಕೆ ಕೊಟ್ಟರು. ಎಲ್ಲ ತಿಂದೆ. ಡಬ್ಬಿ ತೊಳೆದು ಒರೆಸಿ, ಕ್ಯಾಂಟೀನಿನ ಸಕ್ಕರೆ ಪೊಟ್ಟಣ ಒಡೆದು ಸುರಿದು, ಸಂಜೆ ಅವರ ಅಡುಗೆ ಕಟ್ಟೆಯ ಮೇಲಿಟ್ಟೆ. ಮಾರನೇ ದಿನ ಬ್ರೆಡ್ಡು ಮೂರೇ ತುಂಡು. ಆ ಸಂಜೆ ಸಕ್ಕರೆಯ ಬದಲು ಒಂದು ಚಮಚ ಚಟ್ನಿಪುಡಿ ಹಾಕಿಟ್ಟೆ. ಅದರ ಮಾರನೇ ದಿನ ಎರಡು ತುಂಡು, ಅರ್ಧ ಸೇಬು.

ನನ್ನ ಸಿಟ್ಟು ಕೇಳಬೇಡಿ. ಹಸಿದರೆ ನಾನು ಮನುಷ್ಯಳಲ್ಲ. ಅಮ್ಮನಿಗೆ ಫೋನು ಮಾಡಿ, "ಎಂಥಾ ಜಿಪುಣರಮ್ಮ ಇವ್ರು, ದಿನಾ ಒಂದೊಂದು ತುಂಡು ಕಡಿಮೆ ಮಾಡ್ತಾ ಅದಾರೆ" ಎಂದೆ.

"ನೀನು ಡಬ್ಬಿ ಖಾಲಿ ಕೊಟ್ಟಿರ್ಬೇಕು, ನೋಡು."

"ಇಲ್ಲಮ್ಮ, ದಿನಾ ಏನಾರ ಹಾಕೇ ಕೊಡ್ತೀನಿ."

"ಒಂದು ಚಮಚ ಹಾಕಿದ್ರೆ ಹೆಂಗೆ? ದೊಡ್ಡ ಮನಸ್ಸು ಮಾಡಿ ಹಾಕು."

ದೊಡ್ಡ ಮನಸ್ಸು ಮಾಡಿದೆ. ನಾಲ್ಕನೇ ದಿನ ಅರ್ಧ ಡಬ್ಬಿ ಚಟ್ನಿಪುಡಿ ತುಂಬಿ, ಮೇಲೆ ಸಕ್ಕರೆ ಉದುರಿಸಿ ಇಟ್ಟೆ. ಐದನೇ ದಿನ ಬೆಳಿಗ್ಗೆ ಡಬ್ಬಿಯೇ ಇಲ್ಲ. ಅಡುಗೆ ಮನೆಯಲ್ಲಿ ಅತ್ತೆ ಕೈಕಟ್ಟಿ ನಿಂತಿದ್ದರು, ಮುಖ ಸಣ್ಣದಾಗಿತ್ತು. "ನನ್ನ ಊಟ ನಿನಗೆ ಸೇರುತ್ತಿಲ್ಲ, ಗೊತ್ತಾಯಿತು. ನೀನು ಬ್ರೆಡ್ಡಿಗೆ ಸಕ್ಕರೆ ಹಾಕಿಕೊಂಡು ನೋಡಿದೆ, ಖಾರ ಹಾಕಿಕೊಂಡು ನೋಡಿದೆ. ಆದರೂ ತಿನ್ನಲಾಗದೆ ಎಸೆದಿರಬೇಕು, ಹಾಕಿಕೊಂಡದ್ದು ಡಬ್ಬಿಯಲ್ಲೇ ಉಳಿದಿತ್ತು. ಅದಕ್ಕೇ ದಿನಾ ಕಡಿಮೆ ಮಾಡಿದೆ. ಬಲವಂತ ಬೇಡ. ಏನು ಬೇಕೋ ಕೊಂಡು ತಿನ್ನು, ದುಡ್ಡು ನಾನು ಕೊಡುತ್ತೇನೆ" ಎಂದರು.

ನನಗೆ ನಗು ಬರಬೇಕಿತ್ತು, ಅಳು ಬಂತು. ನಮ್ಮ ಓಣಿ, ಪಕ್ಕದ ಮನೆ, ಸುರ್‌ಕುಂಬ, ಹೋಳಿಗೆ ಎಲ್ಲವನ್ನೂ ಆ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಅರ್ಥವಾಗದ ಕಡೆ ಎರಡು ಲೋಟ ಇಟ್ಟು ಇದು ನಮ್ಮ ಮನೆ, ಇದು ಅವರ ಮನೆ ಎಂದು ತೋರಿಸಿದೆ. ಅತ್ತೆ ಒಂದು ಲೋಟವನ್ನು ಇನ್ನೊಂದರತ್ತ ಸರಿಸಿ ನೋಡಿದರು. ಆಮೇಲೆ ಕುರ್ಚಿಯ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವತ್ತು ಡಬ್ಬಿಯಲ್ಲಿ ಆರು ತುಂಡು ಬ್ರೆಡ್ಡಿತ್ತು, ಮುಚ್ಚಳ ಹಾಕಲು ಇಬ್ಬರೂ ಒತ್ತಬೇಕಾಯಿತು.

ಅಲ್ಲಿಂದ ಮುಂದೆ ಕಳೆದಂಥ ಮೂರು ವಾರ ನನ್ನ ಜೀವನದಲ್ಲಿ ಮತ್ತೆ ಬಂದಿಲ್ಲ. ಸಂಜೆ ನಾನು ಅತ್ತೆಯ ಬಸ್ಸಿಗೇ ಕಾದು ಹತ್ತುತ್ತಿದ್ದೆ. ಕೊನೆಯ ಸ್ಟಾಪಿನಲ್ಲಿ ಹತ್ತು ನಿಮಿಷ ಬಸ್ಸು ನಿಲ್ಲುತ್ತಿತ್ತು. ಜನ ಪೂರ್ತಿ ಇಳಿಯುವ ಮೊದಲೇ ಅತ್ತೆ ಕೈ ಚಾಚುತ್ತಿದ್ದರು, ತಾ ಡಬ್ಬಿ ಎಂದು. ಒಂದು ದಿನ ಒಳಗೆ ಹಳದಿ ಎಲೆ, ಒಂದು ದಿನ ನನ್ನ ಪರ್ಸಿನಲ್ಲಿ ಉಳಿದಿದ್ದ ಜಗಳೂರು–ದಾವಣಗೆರೆ ಬಸ್ ಟಿಕೆಟ್ಟು. ಆ ಟಿಕೆಟ್ಟನ್ನು ಅವರು ಸ್ಟಿಯರಿಂಗ್ ಹತ್ತಿರ ಸಿಕ್ಕಿಸಿಕೊಂಡು, ಹತ್ತಿದವರಿಗೆಲ್ಲ ತೋರಿಸಿದರು. ಫ್ಲಾಸ್ಕಿನ ಕಾಫಿಯನ್ನು ಒಂದೇ ಮುಚ್ಚಳದಲ್ಲಿ ಇಬ್ಬರೂ ಸರದಿಯ ಮೇಲೆ ಕುಡಿಯುತ್ತಿದ್ದೆವು. ನನ್ನಪ್ಪ ಹತ್ತಿ ಹೇಗೆ ಹಿಂಜುತ್ತಾನೆ, ಅಮ್ಮ ಯಾವುದಕ್ಕೆ ಬೈಯುತ್ತಾಳೆ, ಅವರಿಗೆ ಎಲ್ಲ ಬೇಕು. ಜಗಳೂರಿನಲ್ಲಿ ನಮ್ಮನ್ನು ಅಷ್ಟು ಆಸೆಯಿಂದ ಯಾರೂ ಕೇಳಿದ್ದಿಲ್ಲ.

ಹೊರಡುವ ದಿನ ಸ್ಟೀಲ್ ಡಬ್ಬಿಯನ್ನು, ತಳದಲ್ಲಿದ್ದ ಚಟ್ನಿಪುಡಿ ಸಮೇತ, ಅವರ ಕೈಗಿಟ್ಟೆ. ರೈಲಿನ ಬಾಗಿಲಲ್ಲಿ ಅವರು ದಾರಿಗೆಂದು ನೀಲಿ ಡಬ್ಬಿ ಕೊಟ್ಟರು. ಬೆರಳಾಡಿಸಿ, "ನೀನೇ ತರಬೇಕು. ಖಾಲಿ ಅಲ್ಲ" ಎಂದರು. ನಾನು ತಲೆಯಾಡಿಸಿದೆ. ಒಂದೆರಡು ವರ್ಷದ ಮಾತು ಎಂದು ಆಗ ನಿಜವಾಗಿಯೂ ನಂಬಿದ್ದೆ.

ಹೋಗಲಾಗಲಿಲ್ಲ. ಮುಂದಿನ ಓದಿಗೆ ಅಲ್ಲಿಗೇ ಅರ್ಜಿ ಹಾಕಿದೆ, ಸಿಗಲಿಲ್ಲ. ಆಮೇಲೆ ಕೆಲಸ ನ್ಯಾಮತಿಯಲ್ಲಿ. ಶನಿವಾರ ಹೊನ್ನಾಳಿ, ದಾವಣಗೆರೆ ದಾಟಿ ಜಗಳೂರು ಸೇರುವಷ್ಟರಲ್ಲೇ ಸೊಂಟ ಬಿದ್ದುಹೋಗುತ್ತದೆ, ಜರ್ಮನಿ ಎಲ್ಲಿಂದ ಬರಬೇಕು? ಡ್ರೈವರ್ ಸೀಟಿನ ಹಿಂದಿನ ಸೀಟು ಖಾಲಿ ಇದ್ದರೆ ಮಾತ್ರ ಇವತ್ತಿಗೂ ಅಲ್ಲೇ ಕೂರುತ್ತೇನೆ. ನಾನೇ ಬರುತ್ತೇನೆ, ನಿಮ್ಮಮ್ಮನ ಕೈಯಡುಗೆ ತಿನ್ನುತ್ತೇನೆ ಎಂದು ಅತ್ತೆ ಎರಡು ವರ್ಷ ಹೇಳಿದರು. ಹೋದ ವರ್ಷ ಎರಡೂ ಮಂಡಿಗೆ ಆಪರೇಷನ್ ಆಯಿತು. ಬಸ್ಸು ಬಿಟ್ಟರು. ಬರುತ್ತೇನೆ ಎನ್ನುವುದನ್ನೂ ಬಿಟ್ಟರು.

ಅದನ್ನು ನನಗೆ ತಡೆಯಲಾಗಲಿಲ್ಲ. ಕಳೆದ ತಿಂಗಳು ಅಮ್ಮನಿಂದ ಹೊಸ ಚಟ್ನಿಪುಡಿ ಮಾಡಿಸಿ, ನೀಲಿ ಡಬ್ಬಿಗೆ ತುಂಬಿ, ದಾವಣಗೆರೆಯ ಒಂದು ಕೊರಿಯರ್ ಅಂಗಡಿಗೆ ಹೋದೆ. ಕೌಂಟರಿನಲ್ಲಿದ್ದವರು ಮುಚ್ಚಳ ತೆಗೆದು ಮೂಸಿ ನೋಡಿದರು. "ಮನೇಲಿ ಮಾಡಿದ ಪುಡಿ ಆ ದೇಶಕ್ಕೆ ನಾವು ತಗೊಳ್ಳಲ್ರಿ. ಖಾಲಿ ಡಬ್ಬಿ ಆದ್ರೆ ಈಗ್ಲೇ ಕಳಿಸ್ತೀನಿ."

"ಒಂದು ಚಮಚ ಸಕ್ಕರೆ?"

"ಅದೂ ಬ್ಯಾಡ್ರಿ. ಖಾಲಿನೇ ಕೊಡ್ರಿ. ಡಬ್ಬಿ ತಾನೇ ಮುಟ್ಟಬೇಕಾಗಿರೋದು?"

ಅವರದೇನೂ ತಪ್ಪಿಲ್ಲ. ಆದರೂ ಕೈಯಿಂದ ಡಬ್ಬಿ ಕಿತ್ತುಕೊಂಡ ಹಾಗೆ ತೆಗೆದುಕೊಂಡೆ. ಖಾಲಿ ಕಳಿಸಲಾರೆ ಎಂದು ಅವರಿಗೆ ಹೇಗೆ ಹೇಳುವುದು? ಹೊನ್ನಾಳಿ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ.

ರೂಮಿಗೆ ಬಂದವಳೇ ಅತ್ತೆಗೆ ವಿಡಿಯೋ ಕಾಲ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಮೊದಲು ನಕ್ಕರು. ಆಮೇಲೆ ಊರುಗೋಲು ಹಿಡಿದು ನಿಧಾನವಾಗಿ ಎದ್ದು, ಅಡುಗೆ ಮನೆಯಿಂದ ನಮ್ಮ ಸ್ಟೀಲ್ ಡಬ್ಬಿ ತಂದು ಕ್ಯಾಮೆರಾದ ಮುಂದೆ ಮುಚ್ಚಳ ತೆಗೆದರು. ಒಳಗೆ ಸಕ್ಕರೆ ಇತ್ತು. ಇಲ್ಲಿಗೆ ಬರುವಾಗ ತರಲೆಂದು ಎರಡು ವರ್ಷದ ಹಿಂದೆ ಹಾಕಿಟ್ಟಿದ್ದಂತೆ, ಈಗ ಗಟ್ಟಿಯಾಗಿ ತಳಕ್ಕೆ ಹಿಡಿದಿತ್ತು. "ಒಳ್ಳೆಯದಾಯಿತು, ಖಾಲಿ ಕಳಿಸಲಿಲ್ಲ" ಎಂದರು.

ನಿಮ್ಮನ್ನು ನೋಡಬೇಕು ಅನಿಸುತ್ತದೆ ಅತ್ತೆ, ಎಂದು ಕನ್ನಡದಲ್ಲೇ ಹೇಳಿಬಿಟ್ಟೆ. ಅವರು ಏನು ಎಂದು ಕೇಳಲಿಲ್ಲ. ಫೋನು ಇಟ್ಟ ಮೇಲೆ ನೀಲಿ ಡಬ್ಬಿಯ ಮುಚ್ಚಳ ಒತ್ತಿ, ಪುಡಿ ಸಮೇತ ಮತ್ತೆ ಗೂಡಿನಲ್ಲಿಟ್ಟೆ.