ಟವೆಲ್ಲಿನ ಕೆಳಗಿನ ಬೆಲೆ

ಮತ್ತೋಡಿನ ಕುರುಬರ ಈರಕ್ಕನಿಗೆ ಓದು ಬರದು. ಆದರೆ ಅವಳಿಗೆ ಮೋಸದ ಕುರಿ ಕಟ್ಟಿ ಹೋದವರು ಸುತ್ತಿನ ಹತ್ತು ಹಳ್ಳಿಯಲ್ಲಿ ಒಬ್ಬರೂ ಇರಲಿಲ್ಲ. ಬೀಜದ ಟಗರು ಕೊಳ್ಳುವಾಗ ಅವಳು ಟಗರಿನ ಕೊಂಬು, ಮೈಕಟ್ಟು ನೋಡಿ ಮರುಳಾಗುತ್ತಿರಲಿಲ್ಲ. ಅದಕ್ಕೆ ಹುಟ್ಟಿದ ಮರಿಗಳು ಎಲ್ಲೆಲ್ಲಿವೆಯೋ ಅಲ್ಲಿಗೇ ಹೋಗಿ ಎತ್ತಿ ನೋಡಿ ಬರುತ್ತಿದ್ದಳು. ೧೯೭೯ರ ಜೂನ್‌ನಲ್ಲಿ ಮಗಳು ಚಂದ್ರಕ್ಕ ಪಿಯುಸಿ ಪಾಸಾಗಿ ಕಾಲೇಜಿನ ಮಾತೆತ್ತಿದಾಗಲೂ ಈ ಮಹಾತಾಯಿ ಅದನ್ನೇ ಮಾಡಿದಳು.

ಚಿತ್ರದುರ್ಗದಲ್ಲಿ ಬಿ.ಕಾಂ. ಓದಿದರೆ ವರ್ಷಕ್ಕೆ ಮುನ್ನೂರೈವತ್ತು ರೂಪಾಯಿಯಲ್ಲಿ ಮುಗಿಯುತ್ತಿತ್ತು. ದೂರದ ಕಾಲೇಜಿನಲ್ಲಿ ಬೇಸಾಯದ ಡಿಗ್ರಿ ಇತ್ತು, ಕೃಷಿ ಮಾರಾಟದ ಡಿಗ್ರಿಯೂ ಇತ್ತು. ಎರಡಕ್ಕೂ ಹಾಸ್ಟೆಲು ಸೇರಿ ವರ್ಷಕ್ಕೆ ಸಾವಿರದ ಇನ್ನೂರು. ಚಂದ್ರಕ್ಕನ ಮನಸ್ಸು ಮಾರಾಟದ ಡಿಗ್ರಿಯ ಮೇಲೆ ಕೂತಿತ್ತು.

"ವರ್ಷಕ್ಕೆ ಹನ್ನೆರಡು ಕುರಿ ಹೋಗ್ತಾವೆ ಅತ್ಗೆ. ನಾಕು ವರ್ಷಕ್ಕೆ ಕುರಿ ರೊಪ್ಪನೇ ಖಾಲಿ. ದುರ್ಗದಾಗೇ ಓದ್ಲಿ ಬಿಡು," ಎಂದ ಮೈದುನ ಎತ್ತಪ್ಪ. ಅಣ್ಣ ತೀರಿಕೊಂಡ ಮೇಲೂ ಅತ್ತಿಗೆಯ ಕುರಿಗಳನ್ನು ನಿಯತ್ತಾಗಿ ಮಾರಿಕೊಡುತ್ತಿದ್ದವನು ಅವನೇ.

"ತಡಿ ಎತ್ತಪ್ಪ. ಓದಿ ಮುಗಿಸ್ದೋರನ್ನ ನೋಡ್ಕಂಡ್ ಬತ್ತೀನಿ."

ಅರ್ಜಿ ಹಾಕಲು ಎರಡೇ ವಾರ ಉಳಿದಿತ್ತು. ಈರಕ್ಕ ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದಳು. ಎಲ್ಲರಿಗೂ ಒಂದೇ ಪ್ರಶ್ನೆ: ನನ್ನ ಕುರಿಗೆ ಇನ್ನಷ್ಟು ಬೆಲೆ ಬರೋ ಹಂಗೆ ಮಾಡೋಕೆ ನಿಮ್ಗೆ ಬರುತ್ತಾ? ಹೊಸದುರ್ಗದಲ್ಲಿ ಬಿ.ಕಾಂ. ಮಾಡಿದ ಗುಮಾಸ್ತ, ಮಾರಿದ ಮೇಲೆ ಲೆಕ್ಕ ಬರೆದುಕೊಡುತ್ತೇನೆ ಎಂದ. ಹೊಳಲ್ಕೆರೆಯ ಬೇಸಾಯದ ಅಧಿಕಾರಿ ಒಳ್ಳೆಯವನೇ; ಮೇವಿನ ಬೀಜ ಕೊಟ್ಟ, ಮಾರುವುದು ಮಾತ್ರ ತನಗೆ ಗೊತ್ತಿಲ್ಲ ಎಂದ.

ಮಾರಾಟದ ಡಿಗ್ರಿ ಮಾಡಿದ ತಿಪ್ಪೇರುದ್ರಪ್ಪ ಹಿರಿಯೂರಿನಲ್ಲಿ ಹತ್ತಿ ಬೆಳೆಗಾರರ ಸಂಘವೊಂದರಲ್ಲಿದ್ದ. "ಕುಂತ್ಕಳ್ರಿ ತಾಯಿ," ಎಂದವನು ಉತ್ತರ ಕೊಡದೆ ತಾನೇ ಕೇಳಿದ: "ಈಗ ಹೆಂಗೆ ಮಾರ್ತೀರಿ?"

"ಎಲ್ರಂಗೆ. ನಮ್ಮ ಮೈದ್ನ, ದಲ್ಲಾಳಿ ಇಬ್ರೂ ಟವೆಲ್ ಕೆಳಗೆ ಕೈ ಹಿಡ್ಕಂತಾರೆ. ಬೆಟ್ಟು ಒತ್ತಿ ಬೆಲೆ ಹೇಳ್ಕಂತಾರೆ."

"ಪಕ್ಕದೋನ ಕುರಿ ಎಷ್ಟಕ್ಕೆ ಹೋತು ಅಂತ ಗೊತ್ತಾಗುತ್ತಾ?"

"ಟವೆಲ್ ಕೆಳಗಿಂದು ಹೆಂಗೆ ಗೊತ್ತಾಗುತ್ತೆ?"

"ಸಂತೆ ಬೆಲೆಯೆಲ್ಲ ದಲ್ಲಾಳಿಗೆ ಗೊತ್ತು. ನಿಮಗೆ ನಿಮ್ಮದೊಂದೇ ಗೊತ್ತು. ನಾವು ಹತ್ತೀನ ಎಲ್ರಿಗೂ ಕೇಳೋ ಹಂಗೆ ಕೂಗಿ ಮಾರ್ತೀವಿ. ನಾ ಕಲ್ತಿದ್ದು ಇಂಥಾದ್ನೇ ತಾಯಿ."

ಮಾತಿಗೆ ತಲೆದೂಗಿ ದುಡ್ಡು ಬಿಚ್ಚುವ ಹೆಂಗಸಲ್ಲ ಅವಳು. ಮುಂದಿನ ಸಂತೆಗೆ ಎತ್ತಪ್ಪನೊಂದಿಗೆ ಹನ್ನೆರಡು ಕುರಿ ಹೊಡೆದುಕೊಂಡು ಹೋದಳು. ಎತ್ತಪ್ಪ ವಾಡಿಕೆಯಂತೆ ಟವೆಲ್ಲಿನಡಿ ಕೈಯಿಟ್ಟು ಬಂದು, "ನೂರು," ಎಂದು ಕಿವಿಯಲ್ಲಿ ಉಸುರಿದ. ಈರಕ್ಕ ಆ ಟವೆಲ್ಲನ್ನೇ ಕಿತ್ತುಕೊಂಡು ಕೂಗಿದಳು: "ಒಂದಕ್ಕೆ ನೂರಂತೆ! ಮೇಲೆ ಯಾರು ಕೇಳ್ತೀರಿ?"

ಇಡೀ ಸಂತೆ ತಿರುಗಿ ನೋಡಿತು. ಗಂಡಸರು ಪಿಸುಗುಟ್ಟುವ ಕಡೆ ಹೆಂಗಸೊಬ್ಬಳು ಬೆಲೆ ಕೂಗುವುದೆಂದರೇನು! ಯಾರೂ ಬೆಲೆ ಹೇಳಲಿಲ್ಲ. ಈರಕ್ಕ ಮತ್ತೊಮ್ಮೆ ಕೂಗಿದಳು. ಆಚೆಯಿಂದ ಯಾರೋ ನೂರೈದು ಎಂದರು. ಇನ್ನೊಬ್ಬ ನೂರಹತ್ತು ಎಂದ. ಕೊನೆಗೆ ನೂರಿಪ್ಪತ್ತಕ್ಕೆ ನಿಂತಿತು. ಹತ್ತು ಕುರಿಗೇ ಸಾವಿರದ ಇನ್ನೂರು ಬಂತು.

ಉಳಿದೆರಡು ಕುರಿ ಹೊಡೆದುಕೊಂಡು ಮರಳುವಾಗ ಎತ್ತಪ್ಪ, "ನನ್ನ ಮಾನ ಕಳದೆ ಅತ್ಗೆ," ಎಂದ.

ಗೆದ್ದ ಖುಷಿ ಅವಳ ಮುಖದಲ್ಲೂ ಇರಲಿಲ್ಲ. ದಾರಿಯ ಬದಿ ಕುಸಿದು ಕೂತು ಅತ್ತಳು.

"ನಿಮ್ಮಣ್ಣನ ಆಸ್ಪತ್ರೆಗೆ ಅಂತ ಇಪ್ಪತ್ತು ಕುರಿ ಮಾರಿದ್ವಲ್ಲ ಎತ್ತಪ್ಪ. ಇನ್ನ ನಾನೂರು ರೂಪಾಯಿ ಸಾಲ್ದೆ ವಾಪಸ್ ಕರ್ಕಂಡ್ ಬಂದ್ವಿ. ಅವತ್ತೂ ಟವೆಲ್ ಕೆಳಗೇ ಮಾರಿದ್ದು, ಕುರಿಗೆ ಇಪ್ಪತ್ತು ಕಳ್ಕಂಡು."

ಎತ್ತಪ್ಪನೂ ಅವಳ ಪಕ್ಕದಲ್ಲಿ ಕೂತುಬಿಟ್ಟ. ಆಮೇಲೆ ಕಣ್ಣೊರೆಸಿಕೊಂಡು ಅವನೇ ಮೊದಲು ಎದ್ದ.

"ಏಳು ಅತ್ಗೆ. ಚಂದ್ರಕ್ಕನ ಅರ್ಜಿ ನಾನೇ ಕೊಟ್ಟು ಬತ್ತೀನಿ."