ಮೆಟ್ಟಿಲ ಕೆಳಗಿನ ರೋಗಿ

ನಮ್ಮ ಮುತ್ಯಾ, ಅಂದರೆ ತಂದೆಯ ತಂದೆ, ಬುದ್ಧಿಯಲ್ಲಿ ಕೊನೆಯವರೆಗೂ ಚುರುಕಾಗಿದ್ದ. ಸೋತದ್ದು ಮೈ. ಮೊದಲು ಹೆಬ್ಬೆರಳಿನ ಬುಡದ ಮಾಂಸ ಕರಗಿತು. ತೋಳಿನ ಚರ್ಮದಡಿ ಏನೋ ಹುಳು ಹರಿದಂತೆ ಮಿಡಿಯತೊಡಗಿತು. ಮಾತು ತೊದಲಿತು, ನೀರು ಕುಡಿದರೆ ಉಸಿರು ಕಟ್ಟುವಷ್ಟು ಕೆಮ್ಮು. ಸ್ನಾಯುಗಳನ್ನು ಆಡಿಸುವ ನರಗಳೇ ಸಾಯುವ ಈ ಕಾಯಿಲೆಗೆ ಮೋಟಾರ್ ನ್ಯೂರಾನ್ ರೋಗವೆಂಬ ಹೆಸರಿದೆಯೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ನಿಜಾಮರ ಆಳ್ವಿಕೆಯ ಕೊನೆಗಾಲದ ಮಣ್ಣೂರಿನಲ್ಲಿ, ನಮ್ಮ ಕೇರಿಯಲ್ಲಿ, ಅದು ಬರಿಯ ‘ಬ್ಯಾನಿ’.

ಮುತ್ಯಾ ಬಾಯಾರಿದರೂ ನೀರಿಗೆ ಅಂಜುತ್ತಿದ್ದ. ಅವನ ಗಂಟಲಿಗೊಂದು ದಾರಿ ಸಿಕ್ಕೀತೆಂದು ಅವ್ವ ಮತ್ತು ನಾನು ಅವನನ್ನು ಬಂಡಿಯಲ್ಲಿ ಮಲಗಿಸಿಕೊಂಡು ಪೇಟೆಯ ಒಂದು ದವಾಖಾನೆಗೆ ಹೋದೆವು. ಮನುಷ್ಯರೆಲ್ಲ ಸಮಾನರೆಂದು ಕಲಿಸುತ್ತಿದ್ದ ಶಾಲೆಯಲ್ಲಿ ನಾನು ಆಗಷ್ಟೇ ಓದು ಮುಗಿಸಿದ್ದೆ.

ದವಾಖಾನೆಯ ಪಡಸಾಲೆಯನ್ನು ನಮ್ಮ ಜಾತಿಯವರು ಹತ್ತುವಂತಿರಲಿಲ್ಲ. ನಾವು ಅಂಗಳದ ಬಿಸಿಲಿನಲ್ಲಿ ನಿಂತು ರೋಗ ಹೇಳಬೇಕು. ಡಾಕ್ಟರರು ಮೇಲಿನಿಂದಲೇ ನೋಡಬೇಕು. ಇದು ಅನ್ಯಾಯ. ಇದಕ್ಕೆ ಇನ್ನೂ ಸೌಮ್ಯವಾದ ಹೆಸರನ್ನು ನಾನು ಹುಡುಕಲಾರೆ.

ಮುತ್ಯಾನ ತೊದಲು ಕೇಳಿ ಕಂಪೌಂಡರ್ ನಕ್ಕ. “ಮುಂಜಾನೆದ್ದು ಸೇಂದಿ ಏರಿಸ್ಕೊಂಡು ಬಂದೀ ಏನಲೇ, ಮುದುಕ?”

“ಇಲ್ರಿ ಸಾಹೇಬ್ರ, ನಮ್ಮ ಮಾವ ಸೇಂದಿ ಮುಟ್ಟಂಗಿಲ್ರಿ,” ಎಂದಳು ಅವ್ವ.

“ಹಂಗಾದ್ರ ಸೇಂದಿನೇ ಇವನ್ನ ಮುಟ್ಟಿರ್ಬೇಕು ಬಿಡಬೇ!”

ಬೆಂಚಿನ ಮೇಲೆ ಕೂತಿದ್ದ ರೋಗಿಗಳೂ ನಕ್ಕರು.

ನೀರು ನುಂಗುವುದನ್ನು ನೋಡಬೇಕೆಂದರು ಡಾಕ್ಟರರು. ಅಲ್ಲಿನ ಲೋಟ ನಮ್ಮ ಬಾಯಿಗೆ ನಿಷಿದ್ಧ. ಕಂಪೌಂಡರ್ ಮೆಟ್ಟಿಲ ಮೇಲೆ ನಿಂತು ತಂಬಿಗೆ ಎತ್ತಿ ಹೊಯ್ದ. ಮುತ್ಯಾನ ಬೆರಳುಗಳು ಕೂಡಲಿಲ್ಲ, ಬೊಗಸೆಯೇ ಆಗಲಿಲ್ಲ. ನೀರೆಲ್ಲ ಧೋತರದ ಮೇಲೆ ಚೆಲ್ಲಿತು.

“ಕೈ ಸುದ್ದಾ ನಿಲ್ಲಂಗಿಲ್ಲ,” ಎಂದರು ಡಾಕ್ಟರರು. “ನಿಶಾ ಇಳಿದ ಮ್ಯಾಲ ಕರ್ಕೊಂಡು ಬರ್ರಿ.”

“ತಪ್ಪಾತ್ರಿ,” ಎಂದು ಮುತ್ಯಾ ತೊದಲಿದ.

ಅವನು ಕ್ಷಮೆ ಕೇಳಿದ ಆ ಮಾತು ನನ್ನ ಮುಖಕ್ಕೆ ಹೊಡೆದಂತಾಯಿತು. ನಾಚಿಕೆಪಡಬೇಕಾದವರು ನೆರಳಿನಲ್ಲಿದ್ದರು, ತಲೆ ತಗ್ಗಿಸಿದವರು ನಾವು.

“ಸಾಹೇಬ್ರ, ಕೆಳಗ ಬಂದು ಬಾಯಿ ವಾಸನಿ ನೋಡ್ರಿ. ಸೇಂದಿ ಇದ್ರ ಹೊಳ್ಳಿ ಹೋಗ್ತೇವಿ,” ಎಂದೆ.

“ಬಾಯಿ ಭಾಳ ಆತು ನಿಂದು, ಸುಮ್ಮಿರಲೇ!” ಎಂದ ಕಂಪೌಂಡರ್.

ಡಾಕ್ಟರರು ಸಿಡುಕುತ್ತಲೇ ಇಳಿದು ಬಂದರು. ಬಗ್ಗಿ ಮೂಸಿದರು. ಮುಖ ಬದಲಾಯಿತು. ಮುತ್ಯಾನ ಕೈ ಹಿಡಿದು, ತೋಳಿನ ಮಿಡಿತವನ್ನು ಬಹಳ ಹೊತ್ತು ನೋಡಿದರು.

“ಇದಕ್ಕ ಔಷಧಿ ಇಲ್ಲ,” ಎಂದರು ಅವ್ವನಿಗೆ. “ತೆಳ್ಳನ ನೀರು ಕುಡಿಸಬ್ಯಾಡ್ರಿ. ಗಂಜಿ ಗಟ್ಟಿ ಮಾಡ್ರಿ. ಎಬ್ಬಿಸಿ ಕೂಡ್ರಿಸಿ, ಗದ್ದ ಎದಿಕಡಿ ಬಗ್ಗಿಸಿ, ಸಣ್ಣ ಸಣ್ಣ ತುತ್ತು ಹಾಕ್ರಿ. ನಿಮ್ಮೂರ ಗೌಡ್ರ ತಾಯಿಗೂ ಇದೇ ಬ್ಯಾನಿ. ಅವರ ಮನ್ಯಾಗ ಹ್ವಾದ ವರ್ಷನೇ ಇದನ್ನೆಲ್ಲ ಹೇಳೇನಲ್ಲ.”

ಆ ಗೌಡರ ಅಂಗಳವನ್ನು ಅವ್ವ ದಿನವೂ ಗುಡಿಸುತ್ತಿದ್ದಳು. ಇದೇ ಡಾಕ್ಟರರು ಮನೆಗೆ ಬಂದು ಆ ಮುದುಕಿಯ ಮಂಚದಂಚಿಗೆ ಕೂತದ್ದನ್ನು ಕಿಟಕಿಯಲ್ಲಿ ಕಂಡಿದ್ದಳು. ಔಷಧಿ ಆ ಮಂಚಕ್ಕೂ ಇರಲಿಲ್ಲ, ನಮ್ಮ ಚಾಪೆಗೂ ಇರಲಿಲ್ಲ. ಇದ್ದದ್ದು ಒಂದು ತಿಳಿವಳಿಕೆ ಮಾತ್ರ. ಅದನ್ನೂ ಜಾತಿ ನೋಡಿ ಹಂಚಿದರು. ಗುಣವಾಗದ ರೋಗದಲ್ಲಿ ಆರೈಕೆಯನ್ನು ತಡೆಹಿಡಿಯುವುದು ಕ್ರೌರ್ಯ.

ನಮ್ಮ ಕಣ್ಣೆದುರಿಗೇ ಡಾಕ್ಟರರು ಮೊಣಕೈವರೆಗೆ ಕೈ ತೊಳೆದುಕೊಂಡರು. ಬಂಡಿ ಹೊರಟಾಗ ಮುತ್ಯಾ ಕಷ್ಟಪಟ್ಟು ಮಾತು ಕೂಡಿಸಿದ: “ಪಾಪ, ಸಾಹೇಬ್ರು ಈಗ ಜಳಕ ಮಾಡಬೇಕಾತು.” ನಾನು ಅವನ ಒದ್ದೆ ಧೋತರದ ಅಂಚನ್ನು ಹಿಂಡಿದೆ.

ಸಂಜೆ ಅವ್ವ ಜೋಳದ ಗಂಜಿಯನ್ನು ಗಟ್ಟಿಯಾಗಿ ಕಾಯಿಸಿದಳು. ನಾನು ಮುತ್ಯಾನ ಬೆನ್ನಿಗೆ ಆಸರೆಯಾಗಿ ಕೂತೆ. ಗದ್ದ ಬಗ್ಗಿಸಿ ಮೊದಲ ತುತ್ತು ನುಂಗಿದ. ಕೆಮ್ಮು ಬರಲಿಲ್ಲ. ಹಸಿದ ಮಗುವಿನ ಹಾಗೆ ಮತ್ತೆ ಬಾಯಿ ತೆರೆದ.

ಅವ್ವ ಗೋಡೆಯ ಕಡೆ ಮುಖ ತಿರುಗಿಸಿದಳು.

“ಇಷ್ಟೇ ಇತ್ತೇನು?” ಎಂದಳು.