ವನಜಕ್ಕನ ಮಗಳು ಮಾಡಿದ ಯಂತ್ರ

ತೆಕ್ಕಟ್ಟೆಯ ಹೆದ್ದಾರಿ ಬದಿಯಲ್ಲಿ ಅಮಿತಾಳ ರಿಪೇರಿ ಅಂಗಡಿ. ಇನ್ವರ್ಟರ್, ಪಂಪಿನ ಸ್ಟಾರ್ಟರ್, ಬೋಟಿನವರ ಜಿಪಿಎಸ್, ಹೀಗೆ ಕೆಟ್ಟದ್ದೆಲ್ಲ ಅವಳ ಮೇಜಿಗೆ ಬರುತ್ತದೆ. ಡಿಪ್ಲೊಮಾ ಓದಿದವಳು. ಮದುವೆ ಮುರಿದು ತಾಯಿ ಮನೆಗೆ ಬಂದ ಮೇಲೆ ಹಾಕಿದ ಅಂಗಡಿ ಅದು. ಹೊಸಬರು ಈಗಲೂ ಅವಳನ್ನು ದಾಟಿ ಒಳಗೆ ಇಣುಕಿ, ರಿಪೇರಿ ಮಾಡುವವರು ಎಲ್ಲಿ ಎಂದು ಕೇಳುತ್ತಾರೆ.

ತಾಯಿ ವನಜ ಊರಿನ ಗೇರುಬೀಜದ ಕಾರ್ಖಾನೆಯಲ್ಲಿ ಗ್ರೇಡಿಂಗ್ ಮೇಜಿಗೆ ಕೂತು ಪ್ರಾಯ ಕಳೆದವಳು. ಬಿಳಿ ತಿರುಳು ಒಂದು ಕಡೆ, ಕಂದಿದ್ದು ಇನ್ನೊಂದು ಕಡೆ, ಕೈ ತನ್ನಷ್ಟಕ್ಕೆ ಹೆಕ್ಕುತ್ತಿತ್ತು, ಬಾಯಿ ಪಕ್ಕದ ನಾಗುವಿನೊಡನೆ ಮಾತಾಡುತ್ತಿತ್ತು. ಮಾಲೀಕರು ಬಣ್ಣ ನೋಡಿ ಬೀಜ ಬೇರ್ಪಡಿಸುವ ಹಳೇ ಯಂತ್ರವೊಂದನ್ನು ಎಲ್ಲಿಂದಲೋ ತಂದು ಕೂರಿಸಿದ ವರ್ಷ ಆ ಮೇಜೇ ಇಲ್ಲವಾಯಿತು. ವನಜ ಮೀನಿನ ಬುಟ್ಟಿ ಹೊತ್ತಳು. ಮಂಡಿ ಸವೆಯಿತು.

ಹೋದ ವರ್ಷ ಮಳೆಗಾಲದ ಮೊದಲಿಗೇ ಸಿಡಿಲು ಬಡಿದು ಯಂತ್ರ ನಿಂತಿತು. ಹೆಂಗಸರಿಗೆ ಮತ್ತೆ ಹೇಳಿಕಳಿಸಿದರು. ವನಜ ಅದೇ ಜಾಗದಲ್ಲಿ, ಅದೇ ನಾಗುವಿನ ಪಕ್ಕ ಹೋಗಿ ಕೂತಳು. ಸಂಜೆ ಮನೆಗೆ ಬಂದವಳು ಅಡುಗೆ ಮಾಡುತ್ತಲೇ ಅಲ್ಲಿಯ ಕತೆ ಹೇಳಿ ನಗುತ್ತಿದ್ದಳು. ಅಮ್ಮ ಹಾಗೆ ನಕ್ಕದ್ದನ್ನು ಅಮಿತಾ ಎಷ್ಟೋ ಕಾಲದಿಂದ ಕಂಡಿರಲಿಲ್ಲ.

ಆ ಹೊತ್ತಿಗೇ ಕಾರ್ಖಾನೆಯ ಮ್ಯಾನೇಜರ್ ರಾಘವೇಂದ್ರ ಯಂತ್ರದ ಸರ್ಕ್ಯೂಟ್ ಬೋರ್ಡನ್ನು ಹಳೇ ಪೇಪರಿನಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದ. ಮಾಡಿದ ಕಂಪನಿ ಮುಚ್ಚಿಹೋಗಿತ್ತು, ಬೆಂಗಳೂರಿನ ರಿಪೇರಿಯವರೂ ಕೈಚೆಲ್ಲಿದ್ದರು. ಅಮಿತಾ ಎರಡೇ ದಿನದಲ್ಲಿ ಅದರ ರೋಗ ಪತ್ತೆ ಮಾಡಿದಳು. ಯಾವ ಬೀಜವನ್ನು ಯಾವಾಗ ಗಾಳಿ ಊದಿ ಆಚೆ ತಳ್ಳಬೇಕು ಎಂದು ತೀರ್ಮಾನಿಸುವ ಒಂದು ಹಳೇ ಎಲೆಕ್ಟ್ರಾನಿಕ್ ಚಿಪ್ಪು ಸುಟ್ಟುಹೋಗಿತ್ತು. ಅಂಥ ಖಾಲಿ ಚಿಪ್ಪು ಮುಂಬೈಯ ಹಳೇ ಅಂಗಡಿಗಳಲ್ಲಿ ಇನ್ನೂ ಸಿಗುತ್ತದೆ. ಆದರೆ ಖಾಲಿ ಚಿಪ್ಪಿಗೆ ಏನೂ ತಿಳಿಯದು. ಅದರೊಳಗೆ ಕೆಲಸವನ್ನು ಬರೆಯಬೇಕು, ಬರೆಯಲು ಪ್ರೋಗ್ರಾಮರ್ ಎಂಬ ಸಾಧನ ಬೇಕು. ಅಂಚೆಯಲ್ಲಿ ತರಿಸಿದ ಹೊಸ ಪ್ರೋಗ್ರಾಮರ್ ಆ ಕಾಲದ ಚಿಪ್ಪನ್ನು ಗುರುತಿಸಲೇ ಇಲ್ಲ. ಹಾಗಾದರೆ ತಾನೇ ಒಂದು ಕಟ್ಟಬೇಕು.

ಅವಳು ರಾಘವೇಂದ್ರನನ್ನು ಕೇಳಿದಳು, ಯಂತ್ರ ಎದ್ದರೆ ಹೆಂಗಸರ ಗತಿ ಏನೆಂದು. ಯಂತ್ರ ಬಿಟ್ಟದ್ದನ್ನು ನೋಡಲು ಒಬ್ಬರು ಬೇಕೇ ಬೇಕು, ನಿಮ್ಮಮ್ಮನನ್ನು ಬಿಡುವುದಿಲ್ಲ ಎಂದ. ಉಳಿದವರ ಬಗ್ಗೆ ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ನಿಜ ಹೇಳಬೇಕೆಂದರೆ ಆ ಬೋರ್ಡು ಅವಳನ್ನು ಹಿಡಿದುಬಿಟ್ಟಿತ್ತು. ಅಂಥ ಕೆಲಸವನ್ನು ಅವಳ ಬಳಿ ಅದುವರೆಗೆ ಯಾರೂ ತಂದಿರಲಿಲ್ಲ.

ಹಾಳಾದ ಇನ್ವರ್ಟರಿನ ಡಬ್ಬಿಯೊಳಗೆ ಒಂದು ಪುಟ್ಟ ಕಂಟ್ರೋಲರ್ ಬೋರ್ಡು, ಚಿಪ್ಪು ಕೂರಿಸುವ ಸಾಕೆಟ್, ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಜೋಡಿಸಿದಳು. ಬರೆಯಲು ಎಷ್ಟು ವೋಲ್ಟೇಜ್ ಬೇಕು ಎಂಬುದನ್ನು ಕಂಪನಿಯವರು ಎಲ್ಲೂ ಹೇಳಿರಲಿಲ್ಲ. ಅಂದಾಜಿನ ಮೇಲೆ ಕೊಟ್ಟು ಕೆಲವು ಚಿಪ್ಪು ಸುಟ್ಟಳು. ಇಂಟರ್ನೆಟ್ಟಿನಲ್ಲಿ ಯಾರೋ ಹವ್ಯಾಸಿಗಳು ಹಂಚಿಕೊಂಡದ್ದನ್ನು ಹುಡುಕಿ ಓದಿ ಸರಿಮಾಡಿದಳು. ಯಡ್ತರೆಯ ಇನ್ನೊಂದು ಕಾರ್ಖಾನೆಯಲ್ಲಿ ಅದೇ ಯಂತ್ರ ನಡೆಯುತ್ತಿತ್ತು. ರಾಘವೇಂದ್ರ ಭಾನುವಾರದ ಮಟ್ಟಿಗೆ ಅದರ ಚಿಪ್ಪನ್ನು ಕೇಳಿ ತಂದ. ಒಳಗಿನದನ್ನು ನೇರವಾಗಿ ಓದದಂತೆ ಅದಕ್ಕೆ ಬೀಗ ಹಾಕಿದ್ದರು. ಅಮಿತಾ ತನ್ನ ಡಬ್ಬಿಯಿಂದ ಅದಕ್ಕೆ ಇಂಥ ಸಂಕೇತ ಬಂದರೆ ಏನು ಮಾಡುತ್ತೀ ಎಂದು ಒಂದೊಂದೇ ಪ್ರಶ್ನೆ ಹಾಕಿಸಿ, ಉತ್ತರಗಳನ್ನು ಕಂಪ್ಯೂಟರಿಗೆ ತುಂಬಿಸಿ, ಅದೇ ಉತ್ತರ ಕೊಡುವಂತೆ ಹೊಸ ಚಿಪ್ಪಿಗೆ ಬರೆದಳು. ಎರಡೂ ಒಂದೇ ರೀತಿ ಉತ್ತರಿಸಿದಾಗ ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. ಹೇಳಿಕೊಳ್ಳಲು ಮನೆಯಲ್ಲಿ ಇದ್ದವಳು ಅಮ್ಮ ಒಬ್ಬಳೇ. ಅವಳಿಗೇ ಹೇಳುವಂತಿರಲಿಲ್ಲ.

ಸೋಮವಾರ ಬೆಳಿಗ್ಗೆ ಕಾರ್ಖಾನೆಗೆ ಹೋಗಿ ಚಿಪ್ಪು ಕೂರಿಸಿದಳು. ಗಾಳಿಯ ಕಂಪ್ರೆಸರ್ ಗುಡುಗಿತು. ಕಂದಿದ ಬೀಜಗಳು ಟಕಟಕ ಸಿಡಿದು ಬೇರೆ ಡಬ್ಬಕ್ಕೆ ಬೀಳತೊಡಗಿದವು. ಮೇಜಿನ ಹೆಂಗಸರ ಕೈಗಳು ನಿಂತವು. ರಾಘವೇಂದ್ರನಿಗೆ ಖುಷಿ ತಡೆಯಲಾಗಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಹೇಳಿದ:

“ಬೆಂಗ್ಳೂರಿನವ್ರ್ ಕೈಯಲ್ಲಿ ಆಯ್ಲಿಲ್ಲೆ. ನಮ್ಮ ವನಜಕ್ಕನ ಮಗಳೇ ಇದನ್ನ್ ಸರಿ ಮಾಡದ್ದ್.”

ಎಲ್ಲರೂ ತಿರುಗಿ ನೋಡಿದ್ದು ಅಮಿತಾಳನ್ನಲ್ಲ, ವನಜಳನ್ನು. ನಾಗು ತನ್ನ ಸ್ಟೂಲನ್ನು ಸ್ವಲ್ಪ ಆಚೆ ಎಳೆದುಕೊಂಡಳು. ವನಜ ತಲೆ ತಗ್ಗಿಸಿ ಮುಂದಿದ್ದ ರಾಶಿಯನ್ನು ಹೆಕ್ಕಿ ಮುಗಿಸಿದಳು.

ಮನೆಯಲ್ಲಿ ಅವಳು ಕೂಗಾಡಲಿಲ್ಲ. ಸೀರೆ ಬದಲಿಸಿ ಬಂದು ಮಗಳ ಎದುರು ನಿಂತು ಕೇಳಿದಳು:

“ನಿಂಗ್ ಮದ್ಲೇ ಗೊತ್ತಿದ್ದಿತ್ತಾ?”

“ಗೊತ್ತಿದ್ದಿತ್ತ್. ನಿನ್ನನ್ನ್ ತೆಗೂದಿಲ್ಲೆ ಅಂದಿದ್ರ್, ಅಮ್ಮ.”

“ಉಳ್ದವ್ರನ್ನೆಲ್ಲ ಕಳ್ಸಿ, ಅಲ್ಲಿ ನಾ ಒಬ್ಳೇ ಹ್ಯಾಂಗೆ ಕೂಕಂಬುದ್?”

ಅಮಿತಾ ಏನೇನೋ ಹೇಳಿದಳು. ತಾನು ಮಾಡದಿದ್ದರೆ ಇನ್ನೊಬ್ಬರು ಮಾಡುತ್ತಿದ್ದರು, ಇಲ್ಲವೇ ಹೊಸ ಯಂತ್ರ ಬರುತ್ತಿತ್ತು, ಮೇಜು ಹೇಗೂ ಉಳಿಯುತ್ತಿರಲಿಲ್ಲ. ಮೇಜಿನ ಮಾತಂತೂ ನಿಜವೇ. ವನಜ ಪೂರ್ತಿ ಕೇಳಿಸಿಕೊಂಡು ಅನ್ನಕ್ಕೆ ಇಟ್ಟಳು. ಮರುದಿನದಿಂದ ಕೆಲಸಕ್ಕೆ ಹೋಗಲಿಲ್ಲ. ಆ ವಾರದೊಳಗೆ ಹೆಂಗಸರೆಲ್ಲ ಮನೆ ಸೇರಿದರು. ಒಬ್ಬರನ್ನು ಉಳಿಸಿಕೊಳ್ಳುತ್ತೇನೆಂದಿದ್ದ ರಾಘವೇಂದ್ರ, ವನಜಕ್ಕ ತಾವಾಗಿ ಬಿಟ್ಟರು ಎಂದು ಆ ಜಾಗಕ್ಕೂ ಯಾರನ್ನೂ ಕರೆಯಲಿಲ್ಲ.

ಸುದ್ದಿ ಮಾತ್ರ ಹಬ್ಬಿತು. ಬೈಂದೂರು, ಬ್ರಹ್ಮಾವರ ಕಡೆಯ ಕಾರ್ಖಾನೆಗಳಿಂದಲೂ ಹಳೇ ಬೋರ್ಡುಗಳು ಬರತೊಡಗಿದವು. ಅಮಿತಾ ಒಂದನ್ನೂ ವಾಪಸು ಕಳಿಸಲಿಲ್ಲ. ಮೊದಮೊದಲು ಬೋರ್ಡು ತಂದವರನ್ನು ಅಲ್ಲಿ ಹೆಂಗಸರು ಎಷ್ಟು ಮಂದಿ ಎಂದು ಕೇಳುತ್ತಿದ್ದಳು, ಆಮೇಲೆ ಅದನ್ನೂ ಬಿಟ್ಟಳು.

ವನಜ ಮತ್ತೆ ಬುಟ್ಟಿ ಹೊತ್ತಿದ್ದಾಳೆ. ತೆಕ್ಕಟ್ಟೆ ಪೇಟೆಯಲ್ಲಿ ಕೂರುವುದಿಲ್ಲ, ಅಲ್ಲಿ ಮೀನಿಗೆ ನಾಗುವೂ ಬರುತ್ತಾಳೆ. ಬಸ್ಸು ಹತ್ತಿ ಕುಂದಾಪುರಕ್ಕೆ ಹೋಗುತ್ತಾಳೆ. ಸ್ಕೂಟರಿನಲ್ಲಿ ಬಿಡುತ್ತೇನೆಂದು ಮಗಳು ಎಷ್ಟೋ ಸಲ ಕರೆದಿದ್ದಾಳೆ. ಬೇಡ ಎನ್ನುತ್ತಾಳೆ, ಮೀನಿನ ನೀರು ಸೀಟಿಗೆ ಇಳಿಯುತ್ತದಂತೆ.